ಶಾಂತವ್ವ ಮೇಡ್ಲೇರಿ, ಊರು ಹಲಗೇರಿ

ಮೂರು ವರ್ಷದ ಹಿಂದೆ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ನಾನು ಕಂಪ್ಯೂಟರ್ ವಿಭಾಗದ ಮುಖ್ಯಸ್ಥನಾಗಿದ್ದೆ. ವಿಭಾಗವೆಂದರೆ ನಾನೊಬ್ಬನೇ, ಆದರೂ ಗತ್ತಿಗೇನೂ ಕಡಿಮೆ ಇರಲಿಲ್ಲ. ಆಗ ಮಾಡಿದ ಒಂದು ಕೆಲಸವನ್ನು ಹೇಳಿಕೊಳ್ಳಲು ಇವತ್ತಿಗೂ ನಾಚಿಕೆಯಾಗುತ್ತದೆ.

ಹಳೆಯ ಪಟ್ಟಿಯಲ್ಲಿ ಒಬ್ಬೊಬ್ಬ ರೈತರಿಗೆ ಒಂದೊಂದು ಸಾಲು: ಹೆಸರು, ಊರು, ಮೆಣಸಿನಕಾಯಿ ಚೀಲಗಳ ನಂಬರು, ನಡುವೆ ಬರೀ ಖಾಲಿ ಜಾಗ. ಅವುಗಳನ್ನು ಒಡೆದು ಜೋಡಿಸಲು ಒಂದು ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ, ಬರೆದೆ. ಸ್ಪ್ಲಿಟ್ ಎಂಬ ಆಜ್ಞೆ ಖಾಲಿ ಜಾಗ ಕಂಡಲ್ಲೆಲ್ಲ ಸಾಲನ್ನು ತುಂಡರಿಸುತ್ತದೆ. ತುಂಡುಗಳನ್ನು ಅರೇ ಎಂಬ ಪಟ್ಟಿಗಳಲ್ಲಿ ತುಂಬಬೇಕು. ಊರಿನ ಅರೇ, ಅದರೊಳಗೆ ಜನರದು, ಅದರೊಳಗೆ ಅವರವರ ಚೀಲಗಳದು. ದೊಡ್ಡ ಚೀಲದಲ್ಲಿ ಸಣ್ಣ ಚೀಲ ಇಟ್ಟ ಹಾಗೆ. ಆದರೆ ಕೆಲವರ ಹೆಸರು ಒಂದೇ ಪದ, ಕೆಲವರದು ಎರಡು. ಊರು ಯಾವುದೆಂದು ಸ್ಕ್ರಿಪ್ಟಿಗೆ ತಿಳಿಯುವುದು ಹೇಗೆ? ಸುತ್ತಲಿನ ಊರುಗಳ ಪಟ್ಟಿ ಕೊಟ್ಟು, ಸಾಲಿನಲ್ಲಿ ಮೊದಲು ಸಿಗುವ ಊರಿನ ಹೆಸರೇ ಊರು ಎಂದು ಬರೆದು ಅರ್ಧ ದಿನದಲ್ಲಿ ಮುಗಿಸಿದೆ. ಮಾಲೀಕರು ಬೆನ್ನು ತಟ್ಟಿದರು, ನಾನು ಉಬ್ಬಿಹೋದೆ.

ಬಿತ್ತನೆಗೆ ಮುಂಚೆ ಹಲಗೇರಿಯಿಂದ ಶಾಂತವ್ವ ಎಂಬ ರೈತ ಮಹಿಳೆ ಬಂದರು. ಬೀಜಕ್ಕೆಂದು ಆರಿಸಿ ಇಟ್ಟ ಎರಡು ಚೀಲ ಕಾಯಿ ಅವರಿಗೆ ಬೇಕಿತ್ತು. ಅತ್ತೆಯ ಕಾಲದಿಂದ ಒಳ್ಳೊಳ್ಳೆಯ ಗಿಡ ನೋಡಿ ಉಳಿಸಿಕೊಂಡು ಬಂದ ತಳಿ ಅದು. ನನ್ನ ಹಲಗೇರಿ ಅರೇಯಲ್ಲಿ ಶಾಂತವ್ವನೇ ಇರಲಿಲ್ಲ.

"ನಿಮ್ಮ ಚೀಲ ಇಲ್ಲಿಲ್ರಿ ಅವ್ವಾರ. ಬ್ಯಾರೆ ಕಡೆ ಇಟ್ಟು ಮರ್ತೀರಿ," ಎಂದೆ.

"ಇಲ್ಲೇ ಇಟ್ಟೇನ್ರಿ. ನೀವ ಚೀಟಿ ಕೊಟ್ಟೀರಲ್ಲ."

"ಕಂಪ್ಯೂಟರ್ ಸುಳ್ಳು ಹೇಳಂಗಿಲ್ರಿ."

ಹಿಂದೆ ನಿಂತವರು ನಕ್ಕರು. ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ಹಿಡಿಯಷ್ಟಾಗುತ್ತೇನೆ.

ಅವರು ಚೀಟಿ ಬಿಚ್ಚಿ ಮೇಜಿನ ಮೇಲಿಟ್ಟರು: ಶಾಂತವ್ವ ಮೇಡ್ಲೇರಿ, ಹಲಗೇರಿ. ಮೇಡ್ಲೇರಿ ಅವರ ಅಡ್ಡಹೆಸರು. ಹಿರಿಯರು ಬಿಟ್ಟು ಬಂದ ಊರೇ ಅಡ್ಡಹೆಸರಾಗುವುದು ನಮ್ಮ ಕಡೆ ಎಷ್ಟೋ ಮನೆಗಳಲ್ಲಿದೆ. ನನ್ನ ಸ್ಕ್ರಿಪ್ಟ್ ಅವರನ್ನು ಮೇಡ್ಲೇರಿಯ ಇನ್ನೊಬ್ಬ ಶಾಂತವ್ವನ ಜೊತೆ ಸೇರಿಸಿ ಒಬ್ಬರನ್ನಾಗಿ ಮಾಡಿತ್ತು. ಆ ಶಾಂತವ್ವ ಹಿಂದಿನ ವಾರ ಫೋನ್ ಮಾಡಿ, ತಮ್ಮ ಚೀಲಗಳನ್ನೆಲ್ಲ ರಾಣೆಬೆನ್ನೂರಿನ ಖಾರಪುಡಿ ಗಿರಣಿಗೆ ಕಳಿಸಲು ಹೇಳಿದ್ದರು. ಹಮಾಲರು ಪಟ್ಟಿಯಲ್ಲಿದ್ದ ನಂಬರು ನೋಡಿ ಎಲ್ಲವನ್ನೂ ಹೇರಿ ಕಳಿಸಿದ್ದರು. ಗಿರಣಿಗೆ ಫೋನ್ ಮಾಡಿದೆ. ಕಾಯಿಯೆಲ್ಲ ಆಗಲೇ ಪುಡಿಯಾಗಿತ್ತು.

ತಪ್ಪು ನನ್ನದೆಂದು ಹೇಳಿದೆ.

"ಖಾರಪುಡಿ ಬಿತ್ತಿದ್ರ ಸಸಿ ಏಳ್ತಾವೇನ್ರಿ?"

ಬೇರೆ ಬೀಜ ಕೊಡಿಸುತ್ತೇವೆ ಎಂದೆ.

"ಬೀಜ ಎಲ್ಲಾ ಕಡೆ ಸಿಗ್ತಾವ್ರಿ. ನಮ್ಮತ್ತಿ ಬೀಜ ಎಲ್ಲಿಂದ ತರ್ತೀರಿ?" ಎಂದವರು, ಹೊರಡುವಾಗ ಕೇಳಿದರು, "ನಿಮ್ಮ ಅಡ್ಡಹೆಸರೇನ್ರಿ?"

"ಬ್ಯಾಡಗಿ."

"ಊರು?"

"ಹಾವೇರಿ."

ಅವರು ಚೀಟಿ ಮಡಚಿ ಸೆರಗಿಗೆ ಗಂಟು ಹಾಕಿಕೊಂಡು ಹೋದರು.

ಈಗ ಹೆಸರಿಗೂ ಊರಿಗೂ ನಡುವೆ ಕಾಮಾ ಹಾಕಿಸುತ್ತೇನೆ. ಹೊಸ ಸ್ಕ್ರಿಪ್ಟ್ ಬರೆದರೆ ಮೊದಲು ನನ್ನದೇ ಹೆಸರಿನ ಸಾಲು ಕೊಟ್ಟು ನೋಡುತ್ತೇನೆ. ಅಂದು ಅದೊಂದು ಮಾಡಿದ್ದರೆ ಹಾವೇರಿಯವನಾದ ನಾನು ಬ್ಯಾಡಗಿಯ ಅರೇಯಲ್ಲಿ ಕೂತಿರುವುದು ಕಾಣುತ್ತಿತ್ತು, ಶಾಂತವ್ವನ ಬೀಜ ಉಳಿಯುತ್ತಿತ್ತು.