ನಾಲಿಗೆಗೆ ಖಾರವೊಂದೇ ಉಳಿದಾಗ

ಟಿಸಾ ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಸೆಗೆಡ್ ಪಟ್ಟಣದ ಈ ದೋಣಿ ರಿಪೇರಿ ಅಂಗಳದಲ್ಲಿ ಹಿಂಬದಿಯ ಅಡುಗೆಮನೆಯಲ್ಲಿ ಮಾತ್ರ ದೀಪ ಹತ್ತಿದೆ. ಬೋರ್ಬಾಲಾ ತೊಂಬಾತ್ಸ್ ಸಣ್ಣ ಮೀನು, ಈರುಳ್ಳಿಗಳನ್ನು ಮೆತ್ತಗೆ ಬೇಯಿಸಿ, ಜರಡಿಗೆ ಸುರಿದು ಸೌಟಿನ ಬೆನ್ನಿನಿಂದ ತಿಕ್ಕುತ್ತಿದ್ದಾರೆ. ಮುಳ್ಳು ಮೇಲೆ ಉಳಿಯುತ್ತದೆ, ಗಟ್ಟಿ ರಸ ಕೆಳಗಿಳಿಯುತ್ತದೆ. ಅದಕ್ಕೆ ಕುದಿ ಬಂದಾಗ ಕೆಂಪು ಮೆಣಸಿನ ಪುಡಿ ಬೀಳುತ್ತದೆ. ಮೊದಲು ಬಣ್ಣದ್ದು, ಆಮೇಲೆ ಖಾರದ್ದು. ಕೊನೆಗೆ ದೊಡ್ಡ ಮೀನಿನ ತುಂಡುಗಳು.

“ಇನ್ನು ಸೌಟು ಹಾಕ್ಬಾರ್ದು, ಮೀನು ಒಡೆದುಹೋಗತ್ತೆ. ಪಾತ್ರೆನೇ ಹಿಡ್ಕೊಂಡು ಅಲ್ಲಾಡಿಸ್ಬೇಕು,” ಎಂದು ಅವರ ಕತೆ ಕೇಳಲು ಬಂದ ನನಗೆ ಹೇಳುತ್ತಾ ಎರಡೂ ಕೈಯಲ್ಲಿ ಆ ಭಾರದ ಪಾತ್ರೆಯನ್ನು ತೂಗುತ್ತಾರೆ.

ಇಲ್ಲಿನ ನಲವತ್ತು ಕೆಲಸಗಾರರಿಗೆ ಅವರು ಬೋರಿ ಅತ್ತೆ. ಪಾತ್ರೆ ತೊಳೆಯಲು ಬಂದವರು, ಹಳೆಯ ಅಡುಗೆಯವರು ಬಿಟ್ಟುಹೋದ ಮೇಲೆ ಸೌಟು ಹಿಡಿದರು. ಮೆಣಸಿನ ಪುಡಿ ರೋಸ್ಕೆ ಹಳ್ಳಿಯಲ್ಲಿರುವ ತಂಗಿಯ ಹಿತ್ತಿಲಿನದು. ಹುರುಳಿಕಾಯಿಗೂ ಅದೇ, ಆಲೂಗಡ್ಡೆಗೂ ಅದೇ. ಶುಕ್ರವಾರ ಮಾತ್ರ ಮೀನು ಸಾರು.

ಹೋದ ಚಳಿಗಾಲದಲ್ಲಿ ಅವರಿಗೆ ಜ್ವರ ಬಂದು ಹೋಯಿತು. ಹೋಗುವಾಗ ವಾಸನೆಯನ್ನೂ ರುಚಿಯನ್ನೂ ಜೊತೆಗೆ ಕೊಂಡೊಯ್ದಿತು. ಉಪ್ಪು ತಿಳಿಯದು, ಹುಳಿ ತಿಳಿಯದು. ನಾಲಿಗೆಗೆ ತಾಗುತ್ತಿದ್ದುದು ಖಾರದ ಉರಿ ಒಂದೇ.

“ಯಾರಿಗೂ ಹೇಳ್ಲಿಲ್ಲ. ರುಚಿ ಗೊತ್ತಾಗದ ಅಡುಗೆಯವಳನ್ನ ಯಾರು ಇಟ್ಕೋತಾರೆ?”

ಸಾರು ಸಪ್ಪೆ ಅನ್ನಿಸಿದಾಗಲೆಲ್ಲ ಖಾರದ ಪುಡಿ ಸುರಿದರು. ಉಂಡವರ ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಆದರೂ ಒಬ್ಬರೂ ಬಾಯಿಬಿಡಲಿಲ್ಲ. ಅತ್ತೆಗೆ ನಮ್ಮ ಮೇಲೆ ಏನೋ ಸಿಟ್ಟು ಎಂದುಕೊಂಡರು! ಕೊನೆಗೆ ಎಲ್ಲರೂ ಸೇರಿ ರಾತ್ರಿ ಪಾಳಿಯ ಕಾವಲುಗಾರ ವೆಂಡೆಲ್‌ನ ಕೈಗೆ ಹೂಗುಚ್ಛ ಕೊಟ್ಟು ರಾಜಿಗೆ ಕಳಿಸಿದರು.

“ನಮ್ಮಿಂದ ಏನು ತಪ್ಪಾಯ್ತು ಹೇಳ್ಬಿಡು ಬೋರಿ. ಸಿಟ್ಟನ್ನ ಸಾರಲ್ಲಿ ಯಾಕೆ ತೀರಿಸ್ಕೋತೀಯ?”

ಬೋರಿ ಅತ್ತೆ ಈರುಳ್ಳಿ ಮೂಟೆಯ ಮೇಲೆ ಕುಸಿದು ಕೂತು, ಅತ್ತು, ಎಲ್ಲವನ್ನೂ ಹೇಳಿಬಿಟ್ಟರು. ನಾಳೆಯಿಂದ ಬರುವುದಿಲ್ಲ ಎಂದು ಏಪ್ರನ್ ಬಿಚ್ಚತೊಡಗಿದರು.

“ಅಯ್ಯೋ ಪುಣ್ಯಾತ್ಗಿತ್ತಿ! ನಮ್ಮ ಹೊಟ್ಟೆ ಸುಟ್ಟುಹೋಗೋಕೆ ಮುಂಚೆ ಹೇಳೋಕೇನಾಗಿತ್ತು?” ಎಂದ ವೆಂಡೆಲ್, “ಕಟ್ಕೋ ಅದನ್ನ. ಚಮಚ ಎಲ್ಲಿ?” ಎಂದು ಕೈಚಾಚಿದ.

ಅಂದಿನಿಂದ ಪಾಳಿ ಮುಗಿಸಿ ಅವನು ನೇರ ಮನೆಗೆ ಹೋಗುವುದಿಲ್ಲ. ಇಂದೂ ಬಂದಿದ್ದಾನೆ. ಸಾರು ಊದಿ, ಹೀರಿ, ಕಣ್ಣು ಮುಚ್ಚುತ್ತಾನೆ.

“ಉಪ್ಪು ಸಾಲ್ದು.”

“ನಿನಗೆ ಯಾವತ್ತು ಸಾಕಾಗಿದೆ?”

“ರುಚಿ ಗೊತ್ತಿಲ್ಲದವರು ವಾದ ಮಾಡ್ಬಾರ್ದು.”

ಅತ್ತೆ ನಗುತ್ತಲೇ ಉಪ್ಪಿನ ಡಬ್ಬಿಗೆ ಕೈಹಾಕುತ್ತಾರೆ.

ವಾಸನೆ ಮರಳಿ ಬರಬಹುದು ಎಂದಿದ್ದಾರೆ ಡಾಕ್ಟರು. “ಬಂದ್ರೆ ಮೊದ್ಲು ಈರುಳ್ಳಿ ಬೇಯೋ ವಾಸನೆ ಹಿಡೀಬೇಕು. ಬರದಿದ್ರೆ ವೆಂಡೆಲ್ ಇದ್ದಾನಲ್ಲ, ಅವನ ಬಾಯಿ ಮುಚ್ಚೋದೇ ಕಷ್ಟ,” ಎನ್ನುತ್ತಾರೆ ಅತ್ತೆ.

ಮಧ್ಯಾಹ್ನ ಬೆಂಚುಗಳು ಭರ್ತಿ. ಹೊಸದಾಗಿ ಸೇರಿದ ಪೇಂಟರ್ ಒಬ್ಬ ತಟ್ಟೆ ಹಿಡಿದುಕೊಂಡು ಕಿಟಕಿಗೆ ಬರುತ್ತಾನೆ. “ಅತ್ತೆ, ಒಂದು ತುಂಡು ಬ್ರೆಡ್ ಇದೆಯಾ? ತಳದಲ್ಲಿ ಸ್ವಲ್ಪ ಸಾರು ಉಳಿದಿದೆ.”

“ಇಲ್ಲಪ್ಪ, ಎಲ್ಲಾ ಮುಗಿಸಿಬಿಟ್ರು.”

ಅವನು ಬೆರಳಲ್ಲೇ ತಟ್ಟೆ ಸವರತೊಡಗುತ್ತಾನೆ. ಬೋರಿ ಅತ್ತೆ ಬೆನ್ನು ತಿರುಗಿಸಿ ಒಲೆ ಒರೆಸುತ್ತಾ, ನನಗಷ್ಟೇ ಕೇಳುವಂತೆ ಹೇಳುತ್ತಾರೆ:

“ಬರೋ ಶುಕ್ರವಾರ ಬ್ರೆಡ್ ಜಾಸ್ತಿ ತರಿಸ್ಬೇಕು.”