ಅತ್ತೆಯ ಆರ್ಕಿಡ್, ತಾತನ ಕತ್ತರಿ

ದೊಡ್ಡಬೆಳವಂಗಲದ ನಮ್ಮ ಕಡೆ ಆಗಿನ್ನೂ ದ್ರಾಕ್ಷಿ ಚಪ್ಪರಗಳಿದ್ದವು. ಯಾರ ತೋಟದಲ್ಲಿ ಎಲೆ ಬಣ್ಣ ತಿರುಗಿದರೂ ನಮ್ಮ ತಾತನಿಗೇ ಕರೆ ಬರುತ್ತಿತ್ತು. ತಾತ ಎಲೆಯನ್ನು ಮಗುಚಿ ನೋಡಿ, ಮೂಸಿ, ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಿದ್ದ. ಕತ್ತರಿ ಹಿಡಿದು ಅವನ ಹಿಂದೆ ಹೋಗುವುದು ನನ್ನ ಕೆಲಸ. ಜಂಬ ಮಾತ್ರ ತಾತನಿಗಿಂತ ನನಗೇ ಹೆಚ್ಚಿತ್ತು.

ನಾನು ಐದನೇ ಕ್ಲಾಸಿನಲ್ಲಿದ್ದಾಗಿನ ಚಳಿಗಾಲ. ಗಂಡನ ಮನೆ ಬಿಟ್ಟು ಬಂದಿದ್ದ ರತ್ನತ್ತೆ ಊರಾಚೆಯ ಪಾಲಿಹೌಸಿನ ಪ್ಲಾಸ್ಟಿಕ್ ಶೆಡ್ಡಿನಲ್ಲಿ ಹೂವಿನ ಕೆಲಸಕ್ಕೆ ಹೋಗುತ್ತಿದ್ದಳು. ಮಾಲೀಕರು ಮೂವತ್ತು ಆರ್ಕಿಡ್ ಕುಂಡ ಕೊಟ್ಟು, ಯುಗಾದಿಯೊಳಗೆ ಮನೆಯಲ್ಲೇ ಹೂ ಬಿಡಿಸಿ ತೋರಿಸಿದರೆ ಶೆಡ್ಡಿನ ಉಸ್ತುವಾರಿ ನಿನಗೇ ಅಂದಿದ್ದರು. ಅತ್ತೆ ಹಿತ್ತಿಲಲ್ಲಿ ನೆರಳಿಗೆ ಹಸಿರು ನೆಟ್ ಕಟ್ಟಿ ಕುಂಡಗಳನ್ನು ಜೋಡಿಸಿದಳು. ತವರಿನಲ್ಲಿ ತಲೆ ಎತ್ತಿಕೊಂಡು ಇರಲು ಅವಳಿಗೆ ಆ ಕೆಲಸ ಬೇಕಿತ್ತು.

ನೆಂಟರ ಮದುವೆಗೆಂದು ಮೂರು ದಿನ ಹೊಸಕೋಟೆಗೆ ಹೊರಟಾಗ ನನಗೆ ಹೇಳಿದಳು: "ಹಳೇ ಕಡ್ಡಿ ಎಲೆ ಉದುರಿಸ್ತವೆ ಕಣೇ, ಹೆದರ್ಕೋಬೇಡ. ಬುಡ ಮೆತ್ತಗಾಗಿ ವಾಸನೆ ಬಂದ್ರೆ ಮಾತ್ರ ಫೋನ್ ಮಾಡ್ಸು."

ಮಾರನೇ ಬೆಳಗ್ಗೆ ಅವರೆಕಾಯಿ ಸುಲಿಯುತ್ತಾ ಕೂತಿದ್ದ ತಾತ, ಬೆರಳಲ್ಲಿ ಸೊಗಡಿನ ವಾಸನೆ ಇದ್ದ ಹಾಗೇ ಎದ್ದು ನೆಟ್ಟಿನೊಳಗೆ ಹೋದ. ಎಲೆಗಳು ಹಳದಿಯಾಗಿ ಉದುರಿದ್ದವು. ಬೋಳು ಕಡ್ಡಿಗಳು ಸುಕ್ಕುಗಟ್ಟಿದ್ದವು.

"ಇವಕ್ಕೆ ರೋಗ ಬಂದ್ಬಿಟ್ಟೈತೆ. ನಿಮ್ಮತ್ತೆ ನೋಡೇ ಇಲ್ಲ."

"ಹಳೇ ಕಡ್ಡಿ ಹಂಗೇ ಅಂತೆ ತಾತ."

"ನಲವತ್ತು ವರ್ಷದಿಂದ ಗಿಡ ನೋಡ್ತಿದೀನಿ. ಕತ್ತರಿ ತಾ."

ತಂದುಕೊಟ್ಟೆ. ಇನ್ನೊಂದು ಸಲ ಹೇಳಬಹುದಿತ್ತು, ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಕಡ್ಡಿ ಸವರಿದ ಮೇಲೆ ಬೆಂಕಿ ಹಾಕುತ್ತಾರೆಂದು ನನಗೆ ಗೊತ್ತಿತ್ತು. ಚಳಿಗೆ ಆ ಬೆಂಕಿ ಬೇಕಿತ್ತು.

ದ್ರಾಕ್ಷಿಯವರ ಪದ್ಧತಿಯೇ ಅದು. ಹಳೇ ಕಡ್ಡಿ ಸವರಿದರೆ ಚಿಗುರು, ಚಿಗುರು ಬಂದರೆ ಹೂ, ಕಾಯಿ. ರೋಗದ ಕಡ್ಡಿಯನ್ನು ಅವತ್ತೇ ಸುಡಬೇಕು. ತಾತ ಇಪ್ಪತ್ತೊಂಬತ್ತು ಕುಂಡಗಳ ಬೋಳು ಕಡ್ಡಿಗಳನ್ನು ಬುಡದವರೆಗೂ ಕತ್ತರಿಸಿದ. ಒಂದು ಗಿಡ ಮಾತ್ರ ಮೈತುಂಬಾ ಹಸಿರಾಗಿತ್ತು, ಅದನ್ನು ಮುಟ್ಟಲಿಲ್ಲ. "ಮಗಳು ಬಂದು ನೋಡಿ ಖುಷಿ ಪಡ್ತಾಳೆ" ಅಂದ. ಕಡ್ಡಿ ರಾಶಿಗೆ ಬೆಂಕಿ ಹಾಕಿ ಇಬ್ಬರೂ ಕೈ ಕಾಯಿಸಿಕೊಂಡೆವು.

ಅತ್ತೆ ಬಂದವಳು ಬ್ಯಾಗ್ ಕೂಡ ಇಳಿಸಲಿಲ್ಲ. ಬೂದಿ ಕೆದಕಿ ಅರ್ಧ ಬೆಂದ ಕಡ್ಡಿಯೊಂದನ್ನು ತೆಗೆದು ತಾತನ ಕೈಗಿಟ್ಟಳು.

"ಅದುಮಿ ನೋಡಪ್ಪಾ. ಗಟ್ಟಿಯಾಗೈತಾ? ಗಿಣ್ಣಿನ ಹತ್ರ ಉಬ್ಬಿರೋದು ಮೊಗ್ಗು. ಎಲೆ ಉದುರಿಸಿದ ಕಡ್ಡೀಲೇ ಇದು ಹೂ ಬಿಡೋದು."

ಆಮೇಲೆ ತಾತ ಬಿಟ್ಟಿದ್ದ ಹಸಿರು ಗಿಡದ ಬುಡವನ್ನು ಹಿಸುಕಿದಳು. ಕಂದು ನೀರು ಒಸರಿತು, ಕೆಟ್ಟ ವಾಸನೆ ಹೊಡೆಯಿತು. "ರೋಗ ಅಂದ್ರೆ ಇದು" ಅಂದಳು. ತಾತ ಕಡ್ಡಿ ಹಿಡಿದು ನಿಂತೇ ಇದ್ದ.

ಯುಗಾದಿಗೆ ಒಂದು ಹೂವೂ ಬಿಡಲಿಲ್ಲ. ಉಸ್ತುವಾರಿ ಬೇರೆಯವರ ಪಾಲಾಯಿತು. ಅತ್ತೆಗೆ ಅದು ಸಿಗಲು ಇನ್ನೂ ಮೂರು ವರ್ಷ ಬೇಕಾಯಿತು. ಈ ವಿಷಯವಾಗಿ ಅವಳು ತಾತನನ್ನು ಒಂದು ಮಾತೂ ಅನ್ನಲಿಲ್ಲ.

ದಸರಾ ಕಳೆದ ಮೇಲೆ ನಮ್ಮ ಚಪ್ಪರ ಸವರುವ ದಿನ ಬಂತು. ತಾತ ಬಳ್ಳಿಯ ಕೆಳಗೆ ಬಹಳ ಹೊತ್ತು ನಿಂತ. ಒಂದು ಕಡ್ಡಿಯನ್ನು ಅದುಮಿ ನೋಡಿದ, ಬಿಟ್ಟ. ಆಮೇಲೆ ಕೆಲಸಕ್ಕೆ ಹೊರಟಿದ್ದ ಅತ್ತೆಯನ್ನು ಕರೆದ.

"ರತ್ನಾ, ಇದನ್ನ ಕತ್ತರಿಸ್ಲೇನಮ್ಮಾ?"

"ದ್ರಾಕ್ಷಿ ವಿಷ್ಯ ನಿಂಗೆ ನಾನು ಹೇಳ್ಬೇಕಾ ಅಪ್ಪಾ?" ಅನ್ನುವಷ್ಟರಲ್ಲಿ ಅತ್ತೆಗೆ ಅಳು ಬಂತು.

ಈಗ ನಮ್ಮೂರಲ್ಲಿ ಎಲೆ ಹಳದಿಯಾದರೆ ಫೋಟೋ ತೆಗೆದು ಅತ್ತೆಗೆ ಕಳಿಸುತ್ತಾರೆ. ಅವಳು ಹೇಳುವುದು ತಪ್ಪುವುದಿಲ್ಲ. ಚಪ್ಪರ ಹೋಯಿತು, ತಾತನೂ ಹೋದ. ಅದು ಹೇಗೂ ಆಗುವಂಥದ್ದೇ. ಆದರೆ ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಿದ್ದ ನನ್ನ ತಾತ ಆ ಚಳಿಗಾಲದಲ್ಲೇ ಹೋಗಿಬಿಟ್ಟಿದ್ದ. ನಾನು ಇನ್ನೊಂದು ಸಲ ಬಾಯಿ ಬಿಟ್ಟಿದ್ದರೆ ಉಳಿಯುತ್ತಿದ್ದನೇನೋ.