ಎಳೆಯುವ ಬಲ, ನಿಲ್ಲಿಸುವ ಬಲ

ಮಲೇಷ್ಯಾದ ಪುಚೊಂಗ್‌ನ ನಮ್ಮ ಮನೆಯಲ್ಲಿ ಒಂದು ಬೆಳಗ್ಗೆ ಅಪ್ಪ ಕುಕ್ಕರನ್ನು ಎದೆಗವಚಿಕೊಂಡು ತೂಕದ ಯಂತ್ರದ ಮೇಲೆ ನಿಂತಿದ್ದರು. ಪಕ್ಕದಲ್ಲಿ ನನ್ನ ಮಗಳು ಅಂಕಿ ಬರೆದುಕೊಳ್ಳುತ್ತಿದ್ದಳು. ಕೊರೊನಾದ ಮೊದಲ ವರ್ಷವದು. ಎರಡು ತಿಂಗಳಿಗೆಂದು ಗದಗಿನಿಂದ ಬಂದಿದ್ದ ಅಪ್ಪ, ವಿಮಾನಗಳು ನಿಂತು, ನಮ್ಮೊಂದಿಗೇ ಉಳಿದುಬಿಟ್ಟಿದ್ದರು. ಪಕ್ಕದ ರಾಜ್ಯದ ನಿಲಾಯ್‌ನಲ್ಲಿದ್ದ ಸಹೋದ್ಯೋಗಿಯೊಬ್ಬರು ಸ್ವದೇಶಕ್ಕೆ ಮರಳುವಾಗ ತಮ್ಮ ಪ್ರವಾಸಿ ಟ್ರೇಲರನ್ನು, ಎಂದರೆ ಹಾಸಿಗೆ, ಒಲೆಗಳಿರುವ ಗಾಲಿಮನೆಯನ್ನು, ನನಗೆ ಒಪ್ಪಿಸಿದ್ದರು. ಅದನ್ನೆಳೆಯಲು ಒಂದು ಪಿಕಪ್ ಟ್ರಕ್ ಬೇಕಿತ್ತು; ಗಾಲಿಮನೆಗೆ ತುಂಬುವ ಸಾಮಾನಿನ ಭಾರವನ್ನು ಅಪ್ಪ ಒಂದೊಂದಾಗಿ ತೂಗಿ ಲೆಕ್ಕ ಹಾಕುತ್ತಿದ್ದರು. ಹೊಸ್ತಿಲು ದಾಟಲಾಗದ ಆ ದಿನಗಳಲ್ಲಿ ಊರೂರು ಸುತ್ತುವ ಮನೆಯೊಂದರ ಕನಸು ಎಷ್ಟು ರುಚಿಸುತ್ತಿತ್ತೆಂದು ನಿಮಗೆ ಬೇರೆ ಹೇಳಬೇಕಿಲ್ಲ, ಗೆಳೆಯರೇ.

ಅಪ್ಪ ಮೂವತ್ತು ವರ್ಷ ಮುಂಬಯಿಗೆ ಹತ್ತಿ ಸಾಗಿಸಿದ ಲಾರಿ ಚಾಲಕ. ನನ್ನ ಬಾಲ್ಯದಲ್ಲಿ ಅವರು ಬಾಗಿಲ ಬಳಿಯ ಚಪ್ಪಲಿಯಷ್ಟೇ ಆಗಿದ್ದರು: ಕಂಡರೆ ಬಂದಿದ್ದಾರೆ, ಕಾಣದಿದ್ದರೆ ಹೋಗಿದ್ದಾರೆ. ಎಂಜಿನಿಯರಾದ ಮೇಲೂ ನಾನು ಅವರ ಕೆಲಸದ ಬಗ್ಗೆ ಒಂದು ಮಾತು ಕೇಳಿದವನಲ್ಲ.

ನಿರ್ಬಂಧ ಸಡಿಲವಾದಾಗ ಮಾಸ್ಕ್ ಹಾಕಿಕೊಂಡು ಹಳೆಯ ವಾಹನಗಳ ಅಂಗಡಿಗೆ ಹೋದೆವು. ಕೆಂಪಗೆ ಮಿರುಗುವ ಹಗುರವಾದ ಪಿಕಪ್ ಒಂದು ನನ್ನ ಕಣ್ಣು ಸೆಳೆಯಿತು. "ವೆರಿ ಪವರ್ ಲಾ, ಬಾಸ್!" ಎಂದ ಅಂಗಡಿಯವ. ಅಪ್ಪ ಅದರ ಅಡಿಗೆ ಬಗ್ಗಿ ನೋಡಿ ತಲೆಯಾಡಿಸಿದರು.

"ಬ್ಯಾಡ. ಹಿಂದಿನ ಗಾಡಿ ಇದನ್ನ ನೂಕ್ತದ."

"ಅಪ್ಪಾ, ನಿಮಗೆ ಈಗಿನ ಗಾಡಿ ಗೊತ್ತಾಗಂಗಿಲ್ಲ ಬಿಡ್ರಿ," ಎಂದೆ, ಒರಟಾಗಿಯೇ.

ಅವರು ಸಿಟ್ಟಾಗಲಿಲ್ಲ. "ಎಳಿಯೂದು ಯಾವ ಗಾಡಿ ಬೇಕಾದ್ರೂ ಎಳೀತದ. ಇಳಕಲಿನಾಗ ತಡೀಬೇಕು," ಎಂದರು. ಆಮೇಲೆ, ನನ್ನತ್ತ ನೋಡದೆ, ಖಂಡಾಲಾ ಘಾಟಿನಲ್ಲಿ ಒಮ್ಮೆ ತುಂಬಿದ ಲಾರಿಯ ಬ್ರೇಕು ಹಿಡಿಯದೆ ಹೋದದ್ದನ್ನು ಹೇಳಿದರು. ಲಾರಿಯ ಮೈಯನ್ನು ಬಂಡೆಗೆ ಉಜ್ಜುತ್ತ ಉಜ್ಜುತ್ತ ಹೇಗೋ ನಿಲ್ಲಿಸಿದ್ದರಂತೆ. "ಅವತ್ತು ನಿನ್ನ ಮಾರಿ ಕಣ್ಣಮುಂದ ಬಂತು. ನೀ ಆಗ ಎರಡನೇತ್ತೆ."

"ಮನ್ಯಾಗ ಯಾಕ ಹೇಳ್ಲಿಲ್ರಿ?"

"ಹೇಳಿದ್ರ ನಿಮ್ಮವ್ವ ಮತ್ತ ಕಳಸ್ತಿದ್ಲೇನು?"

ಕೆಂಪು ಬಣ್ಣ ನನ್ನ ಕಣ್ಣಲ್ಲಿ ಒಮ್ಮೆಗೇ ಮಂಕಾಯಿತು. ನಾವು ಕೊಂಡದ್ದು ಬೂದುಬಣ್ಣದ, ಭಾರವಾದ, ಉದ್ದ ಮೈಯ ಹಳೆಯ ಟ್ರಕ್. ಅದರ ಬ್ರೇಕುಗಳನ್ನು ಅಪ್ಪ ಎದುರು ನಿಂತು ಹೊಸದಾಗಿ ಹಾಕಿಸಿದರು.

ರಾಜ್ಯಗಳ ಗಡಿ ತೆರೆದ ವಾರವೇ ನಿಲಾಯ್‌ಗೆ ಹೋಗಿ ಟ್ರೇಲರನ್ನು ಕೊಂಡಿಗೆ ಸಿಕ್ಕಿಸಿಕೊಂಡು ಹೊರಟೆವು. ಹೆದ್ದಾರಿಯ ಇಳಿಜಾರಿನಲ್ಲಿ, ಮುಂದಿದ್ದ ಲಾರಿ ಗಕ್ಕನೆ ನಿಂತಿತು. ಬ್ರೇಕು ಒತ್ತಿದೆ. ಬೆನ್ನ ಹಿಂದೆ ಒಂದು ಮನೆಯೇ ಮೈಮೇಲೆ ಬರುವಂತೆನಿಸಿತು. ಟ್ರಕ್ ಗೊಣಗಿತು, ತಡೆಯಿತು, ಲಾರಿಯಿಂದ ಮಾರು ದೂರದಲ್ಲಿ ನಿಂತಿತು.

"ತಾತ, ಆರ್ ಯೂ ಓಕೆ?" ಹಿಂದಿನಿಂದ ಮಗಳು ಕೇಳಿದಳು.

ಪಕ್ಕದ ಸೀಟಿನತ್ತ ತಿರುಗಿ ನೋಡಿದೆ. ಅಪ್ಪನ ಕಣ್ಣು ರಸ್ತೆಯಲ್ಲಿ ನೆಟ್ಟಿತ್ತು. ಪೆಡಲೇ ಇಲ್ಲದ ಎಡಬದಿಯ ನೆಲವನ್ನು ಅವರ ಬಲಗಾಲು ಬಲವಾಗಿ ಒತ್ತಿ ಹಿಡಿದಿತ್ತು. ಅಪ್ಪ ಕೆಲಸದಲ್ಲಿರುವುದನ್ನು ನಾನು ಕಂಡದ್ದು ಅದೇ ಮೊದಲು.